ಗೋಡೆ ಸಂದಿನ ಜರಿಗಿಡ: ಸುಣ್ಣ ಆಮೇಲೆ, ಸಂದು ಮೊದಲು

ಸುಣ್ಣದ ಗಾರೆಯ ಹಳೇ ಗೋಡೆಯಲ್ಲಿ ಪುಟ್ಟ ಆಸ್ಪ್ಲೀನಿಯಂ ಜರಿಗಿಡ ಯಾರ ಆರೈಕೆಯೂ ಇಲ್ಲದೆ ಹಸಿರಾಗಿರುತ್ತದೆ. ಅದನ್ನೇ ಕುಂಡದಲ್ಲಿಟ್ಟರೆ ಬುಡ ಕೊಳೆಯುತ್ತದೆ. ಆಗ ಬಹಳ ಜನ ಮಣ್ಣಿಗೆ ಇನ್ನೊಂದು ಹಿಡಿ ಸುಣ್ಣ ಬೆರೆಸುತ್ತಾರೆ, ಗಿಡ ಉಳಿಯುವುದಿಲ್ಲ. ಗೋಡೆಯಿಂದ ಅದಕ್ಕೆ ಸಿಗುತ್ತಿದ್ದದ್ದು ಬರೀ ಸುಣ್ಣವಲ್ಲ. ಬುಡದಲ್ಲಿ ನೀರು ನಿಲ್ಲುತ್ತಿರಲಿಲ್ಲ, ಬೇರಿನ ತುದಿಗೆ ಕಲ್ಲಿನ ಹಿಂದಿನ ತಂಪು ತಪ್ಪುತ್ತಿರಲಿಲ್ಲ.

ಜಾತಿಯ ಆಯ್ಕೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಕಪ್ಪು ದಂಟು, ದುಂಡು ಕಿರುಎಲೆಗಳ ಆಸ್ಪ್ಲೀನಿಯಂ ಟ್ರೈಕೋಮ್ಯಾನೀಸ್ ಶುರುಮಾಡುವವರಿಗೆ ಒಳ್ಳೆಯದು. ಆದರೆ ಇದರಲ್ಲಿ ಉಪಜಾತಿಗಳಿವೆ: ಕ್ವಾಡ್ರಿವೇಲೆನ್ಸ್ ಸುಣ್ಣಕ್ಕೆ ಒಗ್ಗುತ್ತದೆ, ಟ್ರೈಕೋಮ್ಯಾನೀಸ್ ಎಂಬ ಉಪಜಾತಿ ಆಮ್ಲೀಯ ಬಂಡೆಯದು. ಆಸ್ಪ್ಲೀನಿಯಂ ರೂಟಾ-ಮುರಾರಿಯಾ ಗಾರೆಯಲ್ಲೇ ಬೇರೂರುವ ಗಿಡ, ಕುಂಡದಲ್ಲಿ ಹಟಮಾರಿ. ಆಸ್ಪ್ಲೀನಿಯಂ ಸೆಟರ್ಯಾಕ್‌ಗೆ ಎಲೆಯಡಿ ತುಕ್ಕಿನ ಬಣ್ಣದ ಹೊಟ್ಟು ಇರುತ್ತದೆ. ಒಣಗಿದಾಗ ಸುರುಳಿಯಾಗಿ ಸತ್ತಂತೆ ಕಾಣುತ್ತದೆ, ನೀರು ಬಿದ್ದರೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಅವಸರಪಟ್ಟು ಕಿತ್ತೆಸೆಯಬೇಡಿ. ನೀರು ಜಿನುಗುವ ಸುಣ್ಣಕಲ್ಲು ಇದ್ದರೆ ಅಡಿಯಾಂಟಮ್ ಕ್ಯಾಪಿಲಸ್-ವೆನೆರಿಸ್‌ಗಿಂತ ಚೆಂದದ್ದಿಲ್ಲ. ಬಿಸಿ ಊರುಗಳಿಗೆ ಟೆರಿಸ್ ವಿಟಾಟಾ ಸರಿ, ಆದರೆ ಮಣ್ಣು ಸಿಕ್ಕಿದರೆ ಅದು ಪುಟ್ಟದಾಗಿ ಉಳಿಯುವುದಿಲ್ಲ. (ಮಣ್ಣಿನಿಂದ ಆರ್ಸೆನಿಕ್ ಹೀರಿ ಗರಿಗಳಲ್ಲಿ ಕೂಡಿಡುತ್ತದೆಂದು 2001ರಲ್ಲಿ ಗೊತ್ತಾದದ್ದು ಇದೇ ಗಿಡ.) ಆಸ್ಪ್ಲೀನಿಯಂ ಸೆಪ್ಟೆಂಟ್ರಿಯೋನೇಲ್ ಮಾತ್ರ ಸುಣ್ಣದ ಗೋಡೆಗೆ ಬೇಡವೇ ಬೇಡ.

ಸಂದು ಒಂದೆರಡು ಸೆಂಟಿಮೀಟರ್ ಅಗಲ, ಕನಿಷ್ಠ 10 ಸೆಂಟಿಮೀಟರ್ ಆಳ ಇರಲಿ. ಒಳಮುಖವಾಗಿ ಕೆಳಕ್ಕೆ ವಾಲಿದ್ದರೆ ಮಳೆನೀರು ಬೇರಿನತ್ತ ಹರಿಯುತ್ತದೆ. ಹೊರಮುಖವಾಗಿ ವಾಲಿದ್ದರೆ ನೀರಿನ ಜೊತೆ ಮಣ್ಣೂ ಹೊರಗೆ. ಹಿಂದೆ ಮಣ್ಣಿರುವ ತಡೆಗೋಡೆ ಎಲ್ಲಕ್ಕಿಂತ ಉತ್ತಮ. ಒಂಟಿ ಗೋಡೆಯಾದರೆ ನೆರಳಿನ ಬದಿ, ಅದರಲ್ಲೂ ನೆಲಕ್ಕೆ ಹತ್ತಿರದ ಎರಡು ಮೂರು ವರಸೆ ಮಾತ್ರ ನಂಬಿ. ಹೊಸ ಸಿಮೆಂಟಿನ ಸಂದು ಪ್ರಯೋಜನವಿಲ್ಲ: ಗಟ್ಟಿ, ನೀರು ಹೀರದು, ಪಿಎಚ್ (ಆಮ್ಲ-ಕ್ಷಾರದ ಅಳತೆ) 12ರ ಮೇಲೆ. ಹೊಸ ಸುಣ್ಣದ ಗಾರೆಯೂ ಮೊದಲಿಗೆ ಅಷ್ಟೇ ಕ್ಷಾರೀಯ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಅದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗುವವರೆಗೆ ಬೇರು ಸುಡುತ್ತದೆ, ಅದಕ್ಕೆ ತಿಂಗಳುಗಳೇ ಬೇಕು. ಕಾಯಲಾಗದಿದ್ದರೆ ಗಿಡ ಕೂರುವ ಸಂದಿಗೆ ಗಾರೆ ಹಾಕದೆ ಬಿಡಿ.

ತುಂಬುವ ಮಿಶ್ರಣ: 3ರಿಂದ 6 ಮಿಲಿಮೀಟರಿನ ಸುಣ್ಣಕಲ್ಲಿನ ಚೂರು ಎರಡು ಪಾಲು, ದಪ್ಪ ಮರಳು ಒಂದು ಪಾಲು, ಜರಡಿ ಹಿಡಿದ ಎಲೆಗೊಬ್ಬರ ಒಂದು ಪಾಲು. ಸಗಣಿಗೊಬ್ಬರ, ರಾಸಾಯನಿಕ ಗೊಬ್ಬರ ಬೇಡ. ಹಾಕಿದರೆ ಗರಿ ಮೆತ್ತಗೆ ಉದ್ದವಾಗಿ ಬೆಳೆದು ಮೊದಲ ಬಿಸಿಲಿಗೇ ಬಾಡುತ್ತದೆ.

ಗೋಡೆ ಕಟ್ಟುವಾಗಲೇ ನೆಡುವುದು ಸುಲಭ. ಕಲ್ಲಿನ ಮೇಲೆ ಮಿಶ್ರಣ ಹರಡಿ, ಬೇರನ್ನು ಒಳಗಡೆಗೆ ಬಿಡಿಸಿಟ್ಟು, ಮೇಲೆ ಮುಂದಿನ ಕಲ್ಲು ಕೂರಿಸಿ. ಇರುವ ಗೋಡೆಗಾದರೆ ಮೂರರಿಂದ ಐದು ಗರಿಯ ಎಳೆ ಗಿಡವೇ ಬೇಕು. ದೊಡ್ಡದರ ಬೇರು ಮುರಿಯದೆ ಸಂದಿಯೊಳಗೆ ಹೋಗದು. ಸಂದು ಕೆರೆದು, ಹಿಂದಿನ ದಿನವೇ ನೀರು ಕುಡಿಸಿ. ಮೊದಲು ಸಂದಿನ ಹಿಂಭಾಗವನ್ನು ಹಸಿ ಮಿಶ್ರಣದಿಂದ ಕಡ್ಡಿಯಲ್ಲಿ ಒತ್ತಿ ತುಂಬಿ, ಆಮೇಲೆ ಗಿಡ, ಕೊನೆಗೆ ಅಲ್ಲಾಡದಂತೆ ಒಂದು ಕಲ್ಲಚೂರಿನ ಬೆಣೆ. ಸುಳಿ ಗೋಡೆಯ ಮುಖದ ಮಟ್ಟಕ್ಕಿರಲಿ, ಹುಗಿಯಬೇಡಿ. ಮೊದಲ ಎರಡು ಮೂರು ತಿಂಗಳು ಸಂದಿನ ಮೇಲಂಚಿನಿಂದ ನೀರು ತೊಟ್ಟಿಕ್ಕಿಸಿ, ಒಳಗೆ ಪೂರ್ತಿ ಒಣಗಲು ಬಿಡಬೇಡಿ.

ನೀರು ಹಾಕಿದರೂ ಗರಿ ಗರಿಗರಿಯಾಗಿ ಒಣಗುತ್ತಿದ್ದರೆ ಬೇರಿನ ಹಿಂದೆ ಪೊಳ್ಳು ಉಳಿದಿದೆ. ಹೆಚ್ಚಿನ ಗಿಡಗಳು ಸಾಯುವುದು ಇದರಿಂದಲೇ. ಸುಳಿ ಕಪ್ಪಾದರೆ ಹುಗಿದದ್ದು ಹೆಚ್ಚಾಯಿತು. ಹೊಸ ಗರಿ ಬಿಳಿಚಿಕೊಂಡು ನರ ಮಾತ್ರ ಹಸಿರಾಗಿದ್ದರೆ ಆಮ್ಲ ಬೇಡುವ ಜಾತಿ ಸುಣ್ಣಕ್ಕೆ ಸಿಕ್ಕಿಬಿದ್ದಿರಬಹುದು. ಅಂಚು ಕಚ್ಚಿದಂತಿದ್ದರೆ ರಾತ್ರಿ ಟಾರ್ಚ್ ಹಿಡಿದು ನೋಡಿ: ಚಿಪ್ಪಿಗೆ ಸುಣ್ಣ ಬೇಕಾದ ಬಸವನಹುಳುವಿಗೂ ಇಂಥ ಗೋಡೆ ಇಷ್ಟ.

ಹಳೇ ಗೋಡೆಯಿಂದ ಗಿಡ ಕಿತ್ತು ತರಬೇಡಿ. ಬೇರೆಲ್ಲ ಗಾರೆಯೊಳಗೇ ಉಳಿಯುತ್ತದೆ, ಕೈಗೆ ಬರುವುದು ಗರಿ ಮಾತ್ರ. ಬದಲಿಗೆ ಬೀಜಾಣು ತನ್ನಿ. ಎಲೆಯಡಿಯ ಗೆರೆಗಳು ಕಂದು ಬಣ್ಣಕ್ಕೆ ತಿರುಗಿದಾಗ ಒಂದು ಗರಿಯನ್ನು ಕಾಗದದಲ್ಲಿ ಮಡಚಿಟ್ಟರೆ ಒಂದೆರಡು ದಿನದಲ್ಲಿ ಕಂದು ಧೂಳು ಉದುರುತ್ತದೆ. ಇಟ್ಟಿಗೆ ಚೂರಿನ ಮೇಲೆ ಕುದಿನೀರು ಸುರಿದು, ಆರಿದ ಮೇಲೆ ಈ ಧೂಳನ್ನು ತೆಳ್ಳಗೆ ಉದುರಿಸಿ, ಗಾಜು ಮುಚ್ಚಿ, ನೇರ ಬಿಸಿಲಿಲ್ಲದ ಬೆಳಕಿನಲ್ಲಿ 20 ಡಿಗ್ರಿಯ ಆಸುಪಾಸಿನಲ್ಲಿಡಿ. ಕೆಲವು ವಾರಗಳಲ್ಲಿ ಹಸಿರು ಪೊರೆ, ಮುಂದೆ ಹೃದಯಾಕಾರದ ಪುಟ್ಟ ಹಾಳೆಗಳು. ಈ ಹಂತದಲ್ಲಿ ಕುದಿಸಿ ಆರಿಸಿದ ನೀರು ಸಿಂಪಡಿಸದಿದ್ದರೆ ಗಿಡವೇ ಹುಟ್ಟದು, ಏಕೆಂದರೆ ಈ ಹಾಳೆಗಳ ಗಂಡು ಕೋಶ ನೀರಿನಲ್ಲಿ ಅಂಡದವರೆಗೆ ಈಜಿ ಹೋಗಬೇಕು. ಬೀಜಾಣುವನ್ನು ಜೇಡಿಮಣ್ಣಿನಲ್ಲಿ ಕಲಸಿ ನೇರ ಸಂದಿಗೆ ಮೆತ್ತುವುದೂ ಉಂಟು. ಹತ್ತು ಕಡೆ ಮೆತ್ತಿ, ಒಂದು ಹಿಡಿದರೆ ಸಾಕು.

ಗಿಡ ಹಿಡಿದ ಮೇಲೆ ಉಳಿಯುವ ಕೆಲಸ ಕಳೆ. ಅದೇ ಸಂದಿಗೆ ಅರಳಿ, ಆಲದ ಸಸಿ ಬಂದರೆ ಎರಡೆಲೆಯಲ್ಲೇ ಕೀಳಿ. ತಡವಾದರೆ ಅದರ ಬೇರಿನ ಜೊತೆ ಜರಿಗಿಡವೂ ಗಾರೆಯೂ ಕಿತ್ತು ಬರುತ್ತವೆ.