ಸ್ಟಾಂಪ್ ಕೆಟ್ಟಿಲ್ಲ, ಒಂದ್ಸಲ ತೊಳೆದು ನೋಡಿ

ಅಕ್ಕನ ಮನೆ ಗೃಹಪ್ರವೇಶಕ್ಕೆ 120 ತಾಂಬೂಲದ ಚೀಲ ಬೇಕಿತ್ತು. ಸಾದಾ ಕಂದು ಕಾಗದದ ಚೀಲ ತಂದು ಅದರ ಮೇಲೆ ಮಾವಿನೆಲೆ ತೋರಣದ ಸ್ಟಾಂಪ್ ಒತ್ತಿಕೊಡುತ್ತೇನೆ ಅಂತ ಒಪ್ಪಿಕೊಂಡಿದ್ದೆ. ಮೂವತ್ತು ಚೀಲ ಚೆನ್ನಾಗಿಯೇ ಬಂತು. ನನ್ನದು ಕ್ಲಿಯರ್ ಸ್ಟಾಂಪ್, ಅಂದರೆ ಹಿಡಿ ಇಲ್ಲದ, ಮೆತ್ತಗಿನ ಪಾರದರ್ಶಕ ಅಚ್ಚು. ಅದನ್ನು ಬ್ಲಾಕ್ ಅನ್ನುವ ದಪ್ಪ ಅಕ್ರಿಲಿಕ್ ತುಂಡಿಗೆ ಕೂರಿಸಿಕೊಂಡು ಒತ್ತಬೇಕು. ಆಮೇಲೆ ಆ ಸ್ಟಾಂಪ್ ಬ್ಲಾಕಿನಿಂದ ಬಿಡೋದಕ್ಕೆ ಶುರುವಾಯಿತು. ಒತ್ತಿ ಎತ್ತಿದರೆ ಬ್ಲಾಕ್ ಕೈಗೆ ಬರುತ್ತದೆ, ಸ್ಟಾಂಪ್ ಚೀಲದ ಮೇಲೇ ಉಳಿಯುತ್ತದೆ, ಅದನ್ನು ಕಿತ್ತು ತೆಗೆಯುವಷ್ಟರಲ್ಲಿ ಹಸಿರು ಇಂಕ್ ಎಲ್ಲ ಕಡೆ ಬಳಿದುಕೊಂಡಿರುತ್ತದೆ. ಏಳು ಚೀಲ ಹೀಗೇ ಹಾಳಾದವು.

ಅವತ್ತು ನನಗೆ ತುಂಬಾ ಬೇಜಾರಾಗಿದ್ದು ಚೀಲ ಹಾಳಾಯಿತು ಅಂತ ಅಲ್ಲ. ಅದಕ್ಕೆ ಎರಡು ವರ್ಷ ಮುಂಚೆ ಇದೇ ಥರ ಅಂಟದ ಒಂದು ಇಡೀ ಸೆಟ್ಟನ್ನು 'ಅಂಟು ಹೋಯಿತು' ಅಂತ ಕಸಕ್ಕೆ ಹಾಕಿದ್ದೆ. ಈ ಸಲ ಬೇರೆ ದಾರಿ ಇರಲಿಲ್ಲ, ಮರುದಿನವೇ ಚೀಲ ಬೇಕಿತ್ತು. ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ ಸ್ಟಾಂಪಿನ ಬೆನ್ನನ್ನು ಬೆರಳಿನಿಂದ ಉಜ್ಜಿ ತೊಳೆದೆ. ಒಣಗಿದ ಮೇಲೆ ಬ್ಲಾಕಿಗೆ ಇಟ್ಟರೆ ಹೊಸದರ ಹಾಗೆ ಗಪ್ಪಂತ ಕೂತಿತು. ಉಳಿದ ಚೀಲಗಳನ್ನೆಲ್ಲ ಅದರಲ್ಲೇ ಮುಗಿಸಿದೆ.

ಕಾರಣ ಸರಳ. ಕ್ಲಿಯರ್ ಸ್ಟಾಂಪಿನ ಹಿಂದೆ ಗೋಂದು ಇರುವುದೇ ಇಲ್ಲ. ಅದರ ಬೆನ್ನು ನುಣುಪು, ಅಕ್ರಿಲಿಕ್ ಬ್ಲಾಕೂ ನುಣುಪು, ಎರಡರ ಮಧ್ಯೆ ಗಾಳಿ ಇಲ್ಲದಿದ್ದರೆ ತಾನಾಗಿಯೇ ಹಿಡಿದುಕೊಳ್ಳುತ್ತದೆ. ಮೊಬೈಲಿಗೆ ಸ್ಕ್ರೀನ್ ಗಾರ್ಡ್ ಹಾಕುವಾಗ ಒಂದು ಧೂಳಿನ ಕಣ ಸಿಕ್ಕಿದರೂ ಗುಳ್ಳೆ ಏಳುತ್ತದಲ್ವಾ, ಇಲ್ಲೂ ಅದೇ ಕಥೆ. ಧೂಳು, ಬಟ್ಟೆಯ ಎಳೆ, ಕೈಯ ಜಿಡ್ಡು ಇವೇ ಶತ್ರುಗಳು. ನಾನು ಅವತ್ತು ಬೆಳಗ್ಗೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಮಧ್ಯೆ ಮಧ್ಯೆ ಚಕ್ಕುಲಿ ತಿನ್ನುತ್ತಾ ಕೂತಿದ್ದೆ. ಆ ಜಿಡ್ಡೆಲ್ಲ ಸ್ಟಾಂಪಿನ ಬೆನ್ನಿಗೇ ಹೋಗಿತ್ತು.

ತೊಳೆಯುವುದರಲ್ಲಿ ನಾನು ಪಾಲಿಸುವುದು ಇಷ್ಟು. ತಣ್ಣೀರು ಅಥವಾ ಸ್ವಲ್ಪ ಬೆಚ್ಚಗಿನ ನೀರು ಸಾಕು, ಕುದಿಯುವ ನೀರು ಬೇಡ. ಟವೆಲ್ಲಿನಿಂದ ಒರೆಸಬೇಡಿ, ಎಳೆ ಅಂಟಿಕೊಂಡು ಮತ್ತೆ ಮೊದಲಿನ ಸ್ಥಿತಿಗೇ ಬರುತ್ತದೆ. ಬೆನ್ನು ಮೇಲೆ ಮಾಡಿ ಫ್ಯಾನ್ ಇಲ್ಲದ ಕಡೆ ಹಾಗೇ ಒಣಗಲು ಬಿಡಿ. ನಮ್ಮ ಏರಿಯಾದಲ್ಲಿ ಬೋರ್‌ವೆಲ್ ನೀರು, ತುಂಬಾ ಗಡಸು, ಒಣಗಿದ ಮೇಲೆ ಬಿಳಿ ಪೊರೆ ಬಿಡುತ್ತದೆ. ಅದಕ್ಕೆ ಕೊನೆಯಲ್ಲಿ ಒಂದು ಲೋಟ ಕುಡಿಯುವ ನೀರಿನಲ್ಲಿ ಅದ್ದಿ ತೆಗೆಯುತ್ತೇನೆ. ಬ್ಲಾಕನ್ನೂ ತೊಳೆಯಿರಿ, ಅದನ್ನು ಎಲ್ಲರೂ ಮರೆಯುತ್ತಾರೆ. ಆದರೆ ಬ್ಲಾಕಿಗೆ ಸ್ಪಿರಿಟ್, ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಯಾವುದನ್ನೂ ತಾಗಿಸಬೇಡಿ. ಅಕ್ರಿಲಿಕ್ ಸಣ್ಣ ಸಣ್ಣದಾಗಿ ಬಿರಿದು ಮಬ್ಬಾಗುತ್ತದೆ. ಸ್ಟಾಂಪಿಗೂ ಅವು ಒಳ್ಳೆಯದಲ್ಲ. ಸ್ಯಾನಿಟೈಸರ್ ಕೈಗೆ ಸಿಗುತ್ತದೆ ಅಂತ ಅದರಲ್ಲಿ ಒರೆಸುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ.

ಒತ್ತುವ ಮಧ್ಯೆ ಬಣ್ಣ ಬದಲಿಸಬೇಕಾದರೆ ಆಲ್ಕೋಹಾಲ್ ಇಲ್ಲದ ಬೇಬಿ ವೈಪ್ಸ್ ಸಾಕು. ವರ್ಸಾಮಾರ್ಕ್ ಥರದ ಜಿಗುಟು ಇಂಕ್ ಬಳಸಿದ್ದರೆ ಮಾತ್ರ ಆಮೇಲೆ ಸೋಪು ಹಾಕಲೇಬೇಕು, ಇಲ್ಲದಿದ್ದರೆ ಮುಂದಿನ ಸಲ ಕಸವೆಲ್ಲ ಅದಕ್ಕೇ ಅಂಟಿರುತ್ತದೆ. ಕೆಂಪು, ಕಡು ನೀಲಿ ಡೈ ಇಂಕುಗಳು ಸ್ಟಾಂಪಿನಲ್ಲಿ ಕಲೆ ಉಳಿಸುತ್ತವೆ. ಉಳಿಸಲಿ ಬಿಡಿ. ಅದರಿಂದ ಅಚ್ಚಿಗೆ ಏನೂ ಆಗುವುದಿಲ್ಲ, ಕಲೆ ತೆಗೆಯಲು ಹೋಗಿ ಬ್ರಷ್‌ನಲ್ಲಿ ತಿಕ್ಕಿದರೆ ಮಾತ್ರ ಸಣ್ಣ ಗೆರೆಗಳು ಹೋಗುತ್ತವೆ.

ಹೊಸ ಸ್ಟಾಂಪ್ ಮೊದಲ ಸಲ ಸರಿಯಾಗಿ ಮೂಡದಿದ್ದರೆ ಗಾಬರಿಯಾಗಬೇಡಿ. ತಯಾರಿಸುವಾಗಿನ ಜಿಡ್ಡಿನ ಪೊರೆ ಮೇಲಿರುತ್ತದೆ, ಇಂಕ್ ಹನಿ ಹನಿಯಾಗಿ ನಿಲ್ಲುತ್ತದೆ. ಮಕ್ಕಳ ಬಿಳಿ ರಬ್ಬರ್ ತೆಗೆದುಕೊಂಡು ಅಚ್ಚಿನ ಮುಖವನ್ನು ಹಗುರವಾಗಿ ಉಜ್ಜಿ, ಪುಡಿ ತೊಳೆದು ಆಮೇಲೆ ಒತ್ತಿ. ಕಾಗದದ ಕೆಳಗೆ ಹಳೆಯ ಮೌಸ್ ಪ್ಯಾಡ್ ಇಟ್ಟರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಮರದ ಹಿಡಿಯ ಸ್ಟಾಂಪಿನಲ್ಲಿ ರಬ್ಬರಿನ ಹಿಂದೆ ಫೋಮ್ ಇರುತ್ತದೆ, ಕ್ಲಿಯರ್ ಸ್ಟಾಂಪಿಗೆ ಅದಿಲ್ಲ. ಆ ಮೆತ್ತೆಯನ್ನು ನಾವೇ ಕೆಳಗಿನಿಂದ ಕೊಡಬೇಕು. ಮತ್ತೆ, ಒತ್ತುವಾಗ ಬ್ಲಾಕನ್ನು ತೂಗಾಡಿಸಬೇಡಿ, ಅಂಚಿನ ಗೆರೆ ಮೂಡಿಬಿಡುತ್ತದೆ.

ಬ್ಲಾಕಿಗೆ ಕೂರಿಸುವಾಗ ನನಗೆ ತುಂಬಾ ಉಪಯೋಗಕ್ಕೆ ಬಂದ ಒಂದು ಉಪಾಯ ಹೇಳುತ್ತೇನೆ. ಸ್ಟಾಂಪನ್ನು ಮೊದಲು ಬ್ಲಾಕಿಗೆ ಅಂಟಿಸುವ ಬದಲು ಕಾಗದದ ಮೇಲೆ ಎಲ್ಲಿ ಬೇಕೋ ಅಲ್ಲೇ ಮುಖ ಕೆಳಗೆ ಮಾಡಿ ಇಡಿ, ಬೇಕಾದಷ್ಟು ಸರಿಸಾಡಿ, ನೇರ ಇದೆಯಾ ನೋಡಿ. ಆಮೇಲೆ ಮೇಲಿನಿಂದ ಬ್ಲಾಕನ್ನು ತಂದು ಒತ್ತಿ ಎತ್ತಿ, ಸ್ಟಾಂಪ್ ಹಾಗೇ ಅಂಟಿಕೊಂಡು ಬರುತ್ತದೆ. ಉದ್ದದ ಸಾಲನ್ನು ಕಮಾನಿನ ಹಾಗೆ ಬಗ್ಗಿಸಿಯೂ ಕೂರಿಸಬಹುದು, ಒತ್ತಿ ಮುಗಿದ ಮೇಲೆ ತೆಗೆದು ನೇರ ಇಟ್ಟರೆ ಮತ್ತೆ ಮೊದಲಿನ ಹಾಗಾಗುತ್ತದೆ. ಕೀಳುವಾಗ ಮಾತ್ರ ತೊಟ್ಟು, ಬಾಲ, ಬಳ್ಳಿ ಇಂಥ ತೆಳು ಭಾಗ ಹಿಡಿದು ಎಳೆಯಬೇಡಿ. ದಪ್ಪ ಇರುವ ಕಡೆಯಿಂದ ಮೆಲ್ಲಗೆ ಎತ್ತಿ. ತುಂಡಾದರೂ ಎಸೆಯಬೇಡಿ, ಎರಡೂ ಚೂರನ್ನು ಬ್ಲಾಕಿನ ಮೇಲೆ ಜೋಡಿಸಿ ಒತ್ತಿದರೆ ಸಂದು ಗೊತ್ತಾಗುವುದು ಕಷ್ಟ. ನನ್ನ ತೋರಣದ ಮೂರನೇ ಎಲೆ ಈಗ ಬೇರೆ ಚೂರೇ.

ದೊಡ್ಡ ಬ್ಲಾಕ್ ದುಬಾರಿ ಅನಿಸಿದರೆ ಸೈನ್‌ಬೋರ್ಡ್ ಮಾಡುವವರ ಹತ್ತಿರ ಉಳಿದ ಅಕ್ರಿಲಿಕ್ ತುಂಡು ಕೇಳಿ. 8 ಅಥವಾ 10 ಎಂಎಂ ದಪ್ಪ ಇರಲಿ, ತೆಳುವಾದದ್ದು ಒತ್ತಿದಾಗ ಬಗ್ಗುತ್ತದೆ. ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿಸಿಕೊಳ್ಳಿ, ಕೈ ಕೊಯ್ಯುತ್ತದೆ.

ಇನ್ನು ಕನ್ನಡದ ಅಕ್ಷರಗಳ ವಿಷಯ. ಇಂಗ್ಲಿಷಿನ ಹಾಗೆ ಬಿಡಿ ಅಕ್ಷರ ಜೋಡಿಸಿ ಪದ ಮಾಡುವುದು ನಮಗೆ ಆಗುವುದಿಲ್ಲ. ಕೊಂಬು, ಇಳಿ, ಒತ್ತಕ್ಷರ ಎಲ್ಲ ಅದದರ ಜಾಗದಲ್ಲೇ ಕೂರಬೇಕಲ್ಲ. ಅದಕ್ಕೆ ನಾನು ಆಫೀಸ್ ಸೀಲ್ ಮಾಡುವ ಅಂಗಡಿಯಲ್ಲಿ 'ಪ್ರೀತಿಯಿಂದ' ಅಂತ ಇಡೀ ಪದವನ್ನೇ ಮಾಡಿಸಿದೆ. ಸೀಲಿಗೂ ಕ್ಲಿಯರ್ ಸ್ಟಾಂಪಿಗೂ ಮಾಡುವ ರೀತಿ ಹೆಚ್ಚುಕಮ್ಮಿ ಒಂದೇ: ಫಿಲ್ಮಿನ ಮೇಲೆ ನೆಗೆಟಿವ್, ಅದರ ಮೇಲೆ ಜೇನುತುಪ್ಪದಂಥ ಫೋಟೋಪಾಲಿಮರ್ ದ್ರವ, ಆಮೇಲೆ ಯುವಿ ಬೆಳಕು. ಬೆಳಕು ಬಿದ್ದ ಕಡೆ ಗಟ್ಟಿಯಾಗುತ್ತದೆ, ಉಳಿದದ್ದನ್ನು ತೊಳೆದು ತೆಗೆಯುತ್ತಾರೆ. ಮರದ ಹಿಡಿಗೆ ಅಂಟಿಸಬೇಡಿ, ಹಾಗೇ ಕೊಡಿ ಅಂದೆ. ಮನೆಗೆ ತಂದು ಬ್ಲಾಕಿಗೆ ಇಟ್ಟರೆ ಅಂಟಲೇ ಇಲ್ಲ! ತೊಳೆದೆ, ಆಗಲೂ ಅಂಟಲಿಲ್ಲ. ಬೆನ್ನು ತಿರುಗಿಸಿ ನೋಡಿದರೆ ಗಟ್ಟಿಯಾದ ತೆಳು ಪ್ಲಾಸ್ಟಿಕ್ ಹಾಳೆ. ಹಿಡಿಗೆ ಅಂಟಿಸುವ ಸೀಲಿಗೆ ಅದು ಬೇಕು, ಆದರೆ ಅದು ಬ್ಲಾಕನ್ನು ಹಿಡಿಯುವುದಿಲ್ಲ. ಇಂಥದ್ದಕ್ಕೆ ತೆಳುವಾದ ಡಬಲ್ ಸೈಡ್ ಟೇಪೇ ಗತಿ. ನಾನು ಒಂದು ಸಣ್ಣ ಅಕ್ರಿಲಿಕ್ ತುಂಡಿಗೆ ಅದನ್ನು ಖಾಯಂ ಆಗಿ ಅಂಟಿಸಿಬಿಟ್ಟಿದ್ದೇನೆ, ತೆಗೆದು ಹಾಕಿ ಮಾಡುವ ಗೋಜೇ ಇಲ್ಲ.

ಬೆಳಕಿನಿಂದ ಗಟ್ಟಿಯಾಗುವ ವಸ್ತು ಆದ್ದರಿಂದಲೇ ಇದನ್ನು ಬಿಸಿಲಲ್ಲಿ ಇಡಬಾರದು. ಕಿಟಕಿಯ ಹತ್ತಿರ ಬಿಟ್ಟ ನನ್ನ ಒಂದು ಮಲ್ಲಿಗೆ ಹೂವಿನ ಸ್ಟಾಂಪ್ ಮೊದಲು ಹಳದಿಯಾಯಿತು, ಆಮೇಲೆ ಗಟ್ಟಿಯಾಗಿ, ಬಗ್ಗಿಸಿದ ಕಡೆ ಸೀಳಿತು. ಸುಮ್ನೆ ಹಳದಿಯಾಗಿದ್ದರೆ ಚಿಂತೆ ಇಲ್ಲ, ಇನ್ನೂ ಮೆತ್ತಗಿದ್ದರೆ ಕೆಲಸ ಮಾಡುತ್ತದೆ. ಕೊಂಡಾಗ ಬಂದ ಪಾರದರ್ಶಕ ಹಾಳೆಗೇ ವಾಪಸ್ ಅಂಟಿಸಿ, ಹಳೆಯ ಡಿವಿಡಿ ಡಬ್ಬಿಯಲ್ಲಿಟ್ಟು ಬೀರುವಿನೊಳಗೆ ನಿಲ್ಲಿಸಿ. ಮೆತ್ತಗಿನ ವಿನೈಲ್ ಪೌಚ್ ಬೇಡ, ಬೇಸಿಗೆಯಲ್ಲಿ ಎರಡೂ ಒಂದಕ್ಕೊಂದು ಹತ್ತಿಕೊಂಡು ಬಿಡಿಸಲು ಬರುವುದಿಲ್ಲ. ಕಾರಿನಲ್ಲಂತೂ ಬಿಡಲೇಬೇಡಿ.

ನಿಮ್ಮ ಡಬ್ಬಿಯಲ್ಲೂ 'ಅಂಟಲ್ಲ' ಅಂತ ಪಕ್ಕಕ್ಕೆ ಇಟ್ಟಿರುವ ಸ್ಟಾಂಪುಗಳಿದ್ದರೆ ಇವತ್ತು ಸಂಜೆ ಪಾತ್ರೆ ತೊಳೆಯುವಾಗ ಅವನ್ನೂ ಜೊತೆಗೆ ತೆಗೆದುಕೊಂಡು ಹೋಗಿ. ಸಿಂಕಿನ ಜಾಲರಿಯ ಮೇಲೆ ಮಾತ್ರ ಒಂದು ಟೀ ಸೋಸುವ ಜರಡಿ ಇಟ್ಟುಕೊಳ್ಳಿ, ಸಣ್ಣ ಸಣ್ಣ ಚುಕ್ಕಿ ಸ್ಟಾಂಪುಗಳು ನೀರಿನ ಜೊತೆ ಹೊರಟುಹೋಗುತ್ತವೆ.