ಚೆಕ್ಕುಬಂದಿ ಮಾತ್ರ ಹಳೇದು

ಇವತ್ತು ಬಂದ ಆಸ್ತಿ ವ್ಯಾಲ್ಯುಯೇಷನ್ (ಬೆಲೆ ಅಂದಾಜು) ರಿಪೋರ್ಟ್‌ನಲ್ಲಿ ಮಾಲೀಕರು ಹೊಸಬರು, ಫೋಟೋ ಹೊಸದು, ಚೆಕ್ಕುಬಂದಿ, ಅಂದ್ರೆ ನಾಲ್ಕು ದಿಕ್ಕಿನ ಗಡಿ ವಿವರ, ಮಾತ್ರ ಇನ್ಯಾವುದೋ ಸೈಟಿಂದು. ಹಳೇ ಫೈಲ್ ಕಾಪಿ ಮಾಡಿ ತಿದ್ದಿದರೆ ಆಗೋದೇ ಇದು.

ಈ ರಿಪೋರ್ಟ್ ತಯಾರಿಸೋ ಸಾಫ್ಟ್‌ವೇರ್ ಕೊಳ್ಳೋ ಮುಂಚೆ ಡೆಮೋದಲ್ಲೇ ಒಂದು ರಿಪೋರ್ಟ್ ಕಾಪಿ ಮಾಡಿಸಿ ನೋಡಿ. ಸರ್ವೆ ನಂಬರ್, ಖಾತಾ ನಂಬರ್, ನಾಲ್ಕೂ ದಿಕ್ಕಿನ ಗಡಿ ತಾನಾಗೇ ಖಾಲಿ ಆಗ್ಬೇಕು. ತುಂಬದೇ ಬಿಟ್ಟರೆ ಪಿಡಿಎಫ್ ಆಗ್ಲೇಬಾರದು.

ಆಮೇಲೆ 2 ಗುಂಟೆ ಅಂತ ಹಾಕಿ. 2,178 ಚದರಡಿ ತೋರಿಸದಿದ್ರೆ ಎದ್ದು ಬನ್ನಿ.

ಹಳೇ ನುಡಿ ಫಾಂಟಲ್ಲಿ ಟೈಪಾದ ಕ್ರಯಪತ್ರದ ಒಂದು ಸಾಲನ್ನೂ ಪೇಸ್ಟ್ ಮಾಡಿ. ಯೂನಿಕೋಡ್‌ಗೆ ಬದಲಾಯಿಸೋ ವ್ಯವಸ್ಥೆ ಇಲ್ಲದಿದ್ರೆ ಅಕ್ಷರವೆಲ್ಲಾ ಚಿತ್ರಾನ್ನ!

ಬ್ಯಾಂಕಿಗೊಂದು ಫಾರ್ಮ್ಯಾಟ್ ಇರುತ್ತಲ್ಲ, ವರ್ಡ್‌ಗೆ ಎಕ್ಸ್‌ಪೋರ್ಟ್ ಆಗದ್ದು ಬೇಡವೇ ಬೇಡ.