ಪೂಲ್ ವಾಲ್ವ್‌ಗೆ ಹೊಸ ಗ್ಯಾಸ್ಕೆಟ್

ಪೂಲ್ ನೀರು ದಿನಾ ಇಳಿಯುತ್ತಿತ್ತು. ಅರಿಜೋನಾದ ಫೀನಿಕ್ಸ್ ಬಿಸಿಲಿಗೆ ಆವಿಯಾಗುವುದು ಇದ್ದದ್ದೇ. ಆದರೆ ನೀರಿನ ದಾರಿ ಬದಲಿಸುವ ವಾಲ್ವ್ ‘ಫಿಲ್ಟರ್’ ಸ್ಥಾನದಲ್ಲಿದ್ದಾಗಲೂ, ಫಿಲ್ಟರ್ ತೊಳೆದ ಕೊಳೆನೀರು ಹೊರಹೋಗುವ ಬ್ಯಾಕ್‌ವಾಶ್ ಪೈಪಿನ ತುದಿಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ವಾಲ್ವ್ ಒಳಗೆ ನೀರು ಸೋರದಂತೆ ತಡೆಯುವ ಸ್ಪೈಡರ್ ಗ್ಯಾಸ್ಕೆಟ್ ಮೇಲೆ ಅನುಮಾನ ಬಂತು.

ಪಂಪ್ ಆಫ್ ಮಾಡಿ, ಪ್ರೆಶರ್ ಇಳಿಸಿ, ಮುಚ್ಚಳ ಬಿಚ್ಚಿದೆ. ಗಾಡಿ ಚಕ್ರದಂತಿರುವ ಆ ಕಪ್ಪು ರಬ್ಬರ್‌ನ ಒಂದು ಕಡ್ಡಿ ಚಪ್ಪಟೆಯಾಗಿ, ತನ್ನ ಜಾಗ ಬಿಟ್ಟು ಮೇಲೆದ್ದಿತ್ತು. ಹಳೇ ಅಂಟು ಕೆರೆದು, ಒರೆಸಿ ಒಣಗಿಸಿ, ಹೊಸದು ಕೂರಿಸಿದೆ. ಮುಚ್ಚಳದ ಓ-ರಿಂಗ್‌ಗೆ ತೆಳ್ಳಗೆ ಸಿಲಿಕಾನ್ ಗ್ರೀಸ್. ದಯವಿಟ್ಟು ವ್ಯಾಸಲೀನ್ ಹಚ್ಚಬೇಡಿ, ಪೆಟ್ರೋಲಿಯಂ ಜಿಡ್ಡಿಗೆ ಇಂಥ ರಬ್ಬರ್ ಊದಿಕೊಂಡು ಹಾಳಾಗಬಹುದು. ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು.

ಪಂಪ್ ಓಡುತ್ತಿರುವಾಗ ವಾಲ್ವ್ ಹಿಡಿಕೆ ತಿರುಗಿಸಬೇಡಿ ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ನೀರಿನ ಒತ್ತಡಕ್ಕೆ ಈ ಗ್ಯಾಸ್ಕೆಟ್ ಕಿತ್ತುಬಂದುಬಿಡುತ್ತೆ.

ಮಕ್ಕಳು ಈಜುವಾಗ ಪಂಪ್, ವಾಲ್ವ್ ಇರುವ ಈ ಮೂಲೆಯ ನೆನಪು ಯಾರಿಗೆ ಬರುತ್ತೆ ಅಲ್ವಾ? ನನಗಂತೂ ಇಲ್ಲಿ ಕೂತು ರಿಪೇರಿ ಮಾಡುವುದೇ ಜಾಸ್ತಿ ಇಷ್ಟ. ಕೈಯಿಂದ ಮುಟ್ಟಿ ನೋಡಿದ ಮನೆ ಇನ್ನಷ್ಟು ನಮ್ಮದು ಅನಿಸುತ್ತೆ.

ನೀರನ್ನು ಒಂದು ಪೈಪಿನಿಂದ ಇನ್ನೊಂದಕ್ಕೆ ಹರಿಸುವ ಪಕ್ಕದ ಡೈವರ್ಟರ್ ವಾಲ್ವ್ ತಿರುಗಿಸಲು ಬಿಗಿಯಾಗಿದೆ. ಶನಿವಾರ ಅದನ್ನೂ ಬಿಚ್ಚುತ್ತೇನೆ.